ವಾಲ್ವ್ ಆಂಪ್‌ನಿಂದ ಒಳ್ಳೆ ಟೋನ್ ಬೇಕಾ? ಮೊದಲು ಕಿವಿಯನ್ನು ಸ್ಪೀಕರ್ ಮಟ್ಟಕ್ಕೆ ತನ್ನಿ

ನಮ್ಮ ಮನೆಯಲ್ಲಿ ತಾತನ ಕಾಲದ ವಾಲ್ವ್ ರೇಡಿಯೋ ಇತ್ತು. ವಾಲ್ವ್ ಅಂದರೆ ಕಾದ ಮೇಲೆ ಸದ್ದನ್ನು ದೊಡ್ಡದು ಮಾಡುವ ಗಾಜಿನ ಕೊಳವೆ. ಸ್ವಿಚ್ ಹಾಕಿದರೆ ಅರ್ಧ ನಿಮಿಷ ಸದ್ದೇ ಇಲ್ಲ. ಹಿಂದಿನ ರಟ್ಟಿನ ತೂತುಗಳಲ್ಲಿ ಕಿತ್ತಳೆ ಬೆಳಕು ಕಾಣಿಸಿಕೊಂಡ ಮೇಲೆ ಮೆಲ್ಲಗೆ ಪ್ರದೇಶ ಸಮಾಚಾರ ಕೇಳಿಸುತ್ತಿತ್ತು. ಎಷ್ಟೋ ವರ್ಷಗಳಾದ ಮೇಲೆ ನನ್ನ ಗಿಟಾರ್ ಆಂಪ್‌ನ (ಗಿಟಾರಿನ ಸದ್ದು ಏರಿಸುವ ಆಂಪ್ಲಿಫೈಯರ್) ಹಿಂಬದಿಗೆ ಬಗ್ಗಿ ನೋಡಿದರೆ ಅದೇ ಬೆಳಕು. ಬೆಳಕಷ್ಟೇ ಅಲ್ಲ, ವಾಲ್ವ್ ಕೂಡ ಅದೇ. ಆ ರೇಡಿಯೋದಲ್ಲಿ ಸ್ಪೀಕರನ್ನು ನುಡಿಸುತ್ತಿದ್ದದ್ದು ಇಎಲ್84 ಅನ್ನುವ ಒಂದು ವಾಲ್ವ್. ಈ ಆಂಪ್‌ನಲ್ಲಿ ಅಂಥವೇ ಎರಡಿವೆ.

ಆಂಪ್ ಫೆಂಡರ್ ಬ್ಲೂಸ್ ಜೂನಿಯರ್. 15 ವಾಟ್, 12 ಇಂಚಿನ ಒಂದು ಸ್ಪೀಕರ್, ಮುಂಭಾಗಕ್ಕೆ ಮೂರು 12ಎಎಕ್ಸ್7 ವಾಲ್ವ್, ಕೊನೆಗೆ ಈ ಎರಡು ಇಎಲ್84. ಗಿಟಾರ್ ಟೆಲಿಕಾಸ್ಟರ್. ಮೈಸೂರಿನಲ್ಲಿ ಗಿಟಾರ್ ಕಲಿಸುತ್ತೇನೆ. ಹೊಸದಾಗಿ ವಾಲ್ವ್ ಆಂಪ್ ತಗೊಂಡ ಹುಡುಗರು ಬಂದು ಕೇಳುವ ಪ್ರಶ್ನೆ ಒಂದೇ: "ಸರ್, ವಿಡಿಯೋದಲ್ಲಿ ಕೇಳಿದ ಹಾಗೆ ಬರ್ತಾ ಇಲ್ಲ. ವಾಲ್ವ್ ಬದಲಾಯಿಸಲಾ?" ಬೇಡ. ವಾಲ್ವ್ ಕಡೆಗೆ ಆಮೇಲೆ ಬರೋಣ. ಅದಕ್ಕೂ ಮೊದಲು ಮಾಡಬೇಕಾದದ್ದು ಬೇಕಾದಷ್ಟಿದೆ, ಅದರಲ್ಲಿ ಹೆಚ್ಚಿನದಕ್ಕೆ ದುಡ್ಡೇ ಬೇಡ.

ಮೊದಲು ಕರೆಂಟಿನ ವಿಷಯ. ನನ್ನ ಆಂಪನ್ನು ಭಾವ ನ್ಯೂಜೆರ್ಸಿಯಿಂದ ತಂದುಕೊಟ್ಟರು. 14 ಕೆಜಿ ತೂಕ, ಹಾಗಾಗಿ ಒಂದು ಸೂಟ್‌ಕೇಸಿನ ಲೆಕ್ಕದಲ್ಲೇ ಬಂತು. ಆದರೆ ಅದು ಅಮೆರಿಕದ 120 ವೋಲ್ಟಿನದು. ನಮ್ಮ ಮನೆಯಲ್ಲಿ ಬರುವುದು 230. ನೇರವಾಗಿ ಸಿಕ್ಕಿಸಿದರೆ ಫ್ಯೂಸ್ ಹೋಗುವುದು ಖಂಡಿತ, ಫ್ಯೂಸ್ ಒಂದೇ ಹೋದರೆ ನಿಮ್ಮ ಪುಣ್ಯ. ಹಾಗಾಗಿ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ನಾನು ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ತಗೊಂಡೆ. ಆಂಪ್ ಎಷ್ಟು ಕರೆಂಟ್ ಎಳೆಯುತ್ತದೆ ಅಂತ ಹಿಂದೆ ಬರೆದಿರುವ ವಾಟ್‌ಗೆ (ಸದ್ದಿನ 15 ವಾಟ್‌ಗೆ ಅಲ್ಲ) ಎರಡರಷ್ಟು ತಾಕತ್ತಿನದನ್ನೇ ಕೇಳಿ. ಅಂಗಡಿಯಲ್ಲೇ ಮಲ್ಟಿಮೀಟರ್ ಹಿಡಿಸಿ ಎಷ್ಟು ವೋಲ್ಟ್ ಬರುತ್ತಿದೆ ನೋಡಿ. ಅರ್ಥಿಂಗ್ ಪಿನ್ ಆ ಕಡೆಯಿಂದ ಈ ಕಡೆಗೆ ಸೇರಿದೆಯಾ ಅಂತಲೂ ನೋಡಿಸಿ. ಇದು ಸದ್ದಿನ ಮಾತಷ್ಟೇ ಅಲ್ಲ. ನಿಮ್ಮ ಕೈಯಲ್ಲಿರುವ ಗಿಟಾರ್ ತಂತಿ ಆಂಪ್‌ನ ಚಾಸಿಗೆ (ಒಳಗಿನ ಲೋಹದ ಚೌಕಟ್ಟು) ಸೇರಿರುತ್ತದೆ, ಚಾಸಿ ಅರ್ಥಿಂಗ್‌ಗೆ ಸೇರಿರಲೇಬೇಕು. ಇಲ್ಲೇ ತಗೊಂಡ 230 ವೋಲ್ಟಿನ ಆಂಪ್ ಆದರೆ ಟ್ರಾನ್ಸ್‌ಫಾರ್ಮರ್ ಬೇಡ, ಅರ್ಥಿಂಗ್ ಮಾತ್ರ ಪರೀಕ್ಷೆ ಮಾಡಿಸಿ.

ಕರೆಂಟ್ ಹೋದಾಗ ಯುಪಿಎಸ್ ಮೇಲೆ ನುಡಿಸಿ ಟೋನ್ ಹುಡುಕಬೇಡಿ. ಸೈನ್ ವೇವ್ ಅಲ್ಲದ ಇನ್ವರ್ಟರ್ ಆದರೆ ಸ್ಪೀಕರಿನಲ್ಲಿ ಜೇನುಗೂಡು ಕಟ್ಟಿದ ಹಾಗೆ ಗುಂಯ್ ಅನ್ನುತ್ತದೆ. ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್, ಅಗ್ಗದ ಎಲ್‌ಇಡಿ ದೀಪ, ಮೊಬೈಲ್ ಚಾರ್ಜರ್ ಕೂಡ ಹೀಗೇ ಕಾಡುತ್ತವೆ. ಒಂದೊಂದಾಗಿ ಆರಿಸಿ ನೋಡಿ, ಕಳ್ಳ ಸಿಕ್ಕೇ ಸಿಗುತ್ತಾನೆ. ಟೆಲಿಕಾಸ್ಟರ್, ಸ್ಟ್ರಾಟೋಕಾಸ್ಟರ್‌ನಂಥ ಸಿಂಗಲ್ ಕಾಯಿಲ್ (ತಂತಿಯ ಸದ್ದು ಹಿಡಿಯುವ ಪಿಕಪ್‌ನಲ್ಲಿ ಒಂದೇ ಸುರುಳಿ) ಗಿಟಾರ್ ಆದರೆ ಕೂತಲ್ಲೇ ನಿಧಾನವಾಗಿ ಒಂದು ಸುತ್ತು ತಿರುಗಿ. ಯಾವುದೋ ಒಂದು ದಿಕ್ಕಿನಲ್ಲಿ ಆ ಗುಂಯ್ ಸದ್ದು (ಹಮ್) ತಟ್ಟನೆ ಇಳಿಯುತ್ತದೆ. ನಿಮ್ಮ ಕುರ್ಚಿ ಆ ದಿಕ್ಕಿಗೇ ಇರಲಿ.

ಈಗ ಅಸಲು ವಿಷಯಕ್ಕೆ ಬರುತ್ತೇನೆ. ಕೆಲವು ವರ್ಷಗಳ ಹಿಂದೆ ಗೆಳೆಯನೊಬ್ಬನ ರಿಸೆಪ್ಷನ್ನಿಗೆ ತುಮಕೂರಿನ ಒಂದು ಛತ್ರದಲ್ಲಿ ನುಡಿಸಿದೆ. ಹಿಂದಿನ ವಾರವೆಲ್ಲ ಮನೆಯ ರೂಮಿನಲ್ಲಿ ಕೂತು ಟೋನ್ ಹೊಂದಿಸಿದ್ದೆ. ಬ್ಲೂಸ್ ಜೂನಿಯರ್‌ನ ನಾಬ್‌ಗಳು 12ರ ತನಕ ಹೋಗುತ್ತವೆ. ಬಾಸ್ (ದಪ್ಪ ಸದ್ದು) 9, ಟ್ರೆಬಲ್ (ಚೂಪು ಸದ್ದು) 9, ಮಿಡಲ್ (ನಡುವಿನದು) 3. ಪಕ್ಕದ ಮನೆಯವರಿಗೆ ತೊಂದರೆ ಆಗದಿರಲಿ ಅಂತ ಒಟ್ಟು ಸದ್ದಿನ ನಾಬ್ ಮಾಸ್ಟರ್ ಒಂದೂವರೆ. ರೂಮಿನಲ್ಲಿ ಆ ಸದ್ದು ದುಂಡಗೆ, ಫಳಫಳ ಹೊಳೆಯುವ ಹಾಗೆ ಕೇಳಿಸುತ್ತಿತ್ತು. ಛತ್ರದಲ್ಲಿ ಬೇರೆ ನಾಬ್‌ಗಳನ್ನು ಮುಟ್ಟದೆ ಮಾಸ್ಟರನ್ನು ಮಾತ್ರ 7ಕ್ಕೆ ಏರಿಸಿದೆ. ಕಾರ್ಯಕ್ರಮ ಮುಗಿದ ಮೇಲೆ ಮುಂದಿನ ಸಾಲಿನಲ್ಲಿ ಕೂತಿದ್ದ ನನ್ನ ತಂಗಿ ಹೇಳಿದಳು: "ಅಣ್ಣಾ, ಕಿವಿಗೆ ಸೂಜಿ ಚುಚ್ಚಿದ ಹಾಗಿತ್ತು. ಆದ್ರೆ ನೀನು ಏನು ನುಡಿಸಿದೆ ಅಂತ ಒಂದೂ ತಿಳೀಲಿಲ್ಲ."

ಅವಳ ಆ ಎರಡು ವಾಕ್ಯದಲ್ಲಿ ಎರಡು ಬೇರೆ ಬೇರೆ ತಪ್ಪುಗಳಿವೆ. ಅವನ್ನು ಬಿಡಿಸಿಕೊಳ್ಳಲು ನನಗೆ ತುಂಬಾ ದಿನ ಹಿಡಿಯಿತು.

ಸೂಜಿ ಚುಚ್ಚಿದ್ದು ಯಾಕೆ? 12 ಇಂಚಿನ ಸ್ಪೀಕರ್ ಬಾಸನ್ನು ಎಲ್ಲ ಕಡೆಗೂ ಚೆಲ್ಲುತ್ತದೆ, ಟ್ರೆಬಲನ್ನು ಮಾತ್ರ ಟಾರ್ಚಿನ ಬೆಳಕಿನ ಹಾಗೆ ನೇರ ಮುಂದಕ್ಕೆ ಬಿಡುತ್ತದೆ. ಆಂಪ್ ನೆಲದ ಮೇಲಿದ್ದು, ನಾವು ಅದರ ಮುಂದೆ ನಿಂತರೆ ಆ ಟಾರ್ಚ್ ಬೀಳುವುದು ನಮ್ಮ ಮೊಣಕಾಲಿನ ಮೇಲೆ. ಕಿವಿಗೆ ಮಂಕು ಸದ್ದಷ್ಟೇ ಬರುತ್ತದೆ. ನಾವು ಟ್ರೆಬಲ್ ಏರಿಸುತ್ತೇವೆ, ಸಾಲದು ಅಂತ ಇನ್ನೂ ಏರಿಸುತ್ತೇವೆ. ವೇದಿಕೆಯ ಮೇಲಿಟ್ಟಾಗ ಆ ಟಾರ್ಚ್ ಕೆಳಗೆ ಕೂತವರ ಮುಖಕ್ಕೇ ಬೀಳುತ್ತದೆ. ನಂಬಿಕೆ ಬರದಿದ್ದರೆ ಇವತ್ತೇ ಮಾಡಿ ನೋಡಿ. ಆಂಪನ್ನು ಗಟ್ಟಿಯಾದ ಸ್ಟೂಲಿನ ಮೇಲಿಡಿ, ಗಿಟಾರ್ ಹಿಡಿದು ಎದುರಿಗೆ ಕೂತುಕೊಳ್ಳಿ. ಕಿವಿ ಮತ್ತು ಸ್ಪೀಕರಿನ ನಡುಮಧ್ಯ ಒಂದೇ ಎತ್ತರಕ್ಕಿರಲಿ, ಎರಡು ಮೀಟರ್ ದೂರ ಇರಲಿ. ನಿಮಗೆ ಇಷ್ಟವಾಗಿದ್ದ ಆ ಹಳೇ ಸೆಟ್ಟಿಂಗ್‌ನಲ್ಲೇ ಒಂದು ಇ ಕಾರ್ಡ್ (ಇ ಸ್ವರಗುಚ್ಛ) ನುಡಿಸಿ. ಬಹಳ ಜನ ತಕ್ಷಣ ಟ್ರೆಬಲ್ ಕಡೆಗೆ ಕೈ ಚಾಚುತ್ತಾರೆ, ಇಳಿಸೋದಕ್ಕೆ.

ಸ್ಟೂಲಿನ ಮೇಲೆ ಇಟ್ಟಾಗ ಬಾಸ್ ಸ್ವಲ್ಪ ಕಡಿಮೆಯಾಗುವುದೂ ಗೊತ್ತಾಗುತ್ತದೆ. ನೆಲವೂ ಗೋಡೆಯ ಮೂಲೆಯೂ ಬಾಸನ್ನು ಉಬ್ಬಿಸುತ್ತವೆ. ಆ ಉಬ್ಬು ಇಲ್ಲದಿದ್ದರೇ ಒಳ್ಳೆಯದು. ವೇದಿಕೆಯಲ್ಲೂ ಒಂದು ಪ್ಲಾಸ್ಟಿಕ್ ಕುರ್ಚಿ ಕೇಳಿ ತಗೊಳ್ಳಿ, ಅದರ ಮೇಲೆ ಆಂಪನ್ನು ಸ್ವಲ್ಪ ಹಿಂದಕ್ಕೆ ವಾಲಿಸಿ ಇಡಿ.

ನುಡಿಸಿದ್ದು ತಿಳಿಯದಿದ್ದ ಕಾರಣ ಮಿಡಲ್. ಸದ್ದು ಕಡಿಮೆ ಇರುವಾಗ ನಮ್ಮ ಕಿವಿಗೆ ಬಾಸ್ ಸರಿಯಾಗಿ ಕೇಳುವುದೇ ಇಲ್ಲ, ಟ್ರೆಬಲ್ ಕೂಡ ಸ್ವಲ್ಪ ಕಡಿಮೆ. ಅದಕ್ಕೇ ರೂಮಿನಲ್ಲಿ ಎರಡನ್ನೂ ಏರಿಸುತ್ತೇವೆ. ಸದ್ದು ಜೋರಾದ ಮೇಲೆ ಕಿವಿ ಅವನ್ನು ತಾನಾಗಿಯೇ ಪೂರ್ತಿ ಕೇಳಿಸಿಕೊಳ್ಳುತ್ತದೆ, ನಾವು ಏರಿಸಿದ್ದೆಲ್ಲ ಹೊರೆಯಾಗುತ್ತದೆ. ವೇದಿಕೆಯಲ್ಲಿ ಬಾಸ್ ಗಿಟಾರ್ ಇದೆ, ಡ್ರಮ್ಸ್ ಇದೆ, ಅವು ಕೆಳಗಿನ ಜಾಗ ಹಿಡಿದಿರುತ್ತವೆ. ಮೇಲೆ ಸಿಂಬಲ್. ಗಿಟಾರಿಗೆ ಉಳಿಯುವ ಜಾಗ ನಡುವಿನದು. ಅದನ್ನೇ ನಾನು 3ಕ್ಕೆ ಇಳಿಸಿದ್ದೆ. ಹಾಗಾಗಿ ನುಡಿಸುವ ಸದ್ದಿನಲ್ಲೇ ಟೋನ್ ಹೊಂದಿಸಿ. ರೂಮಿಗೆ ಒಂದು ಸೆಟ್ಟಿಂಗ್, ವೇದಿಕೆಗೆ ಬೇರೆಯದು. ಎರಡೂ ಒಂದೇ ಆಗಲು ಸಾಧ್ಯವಿಲ್ಲ.

ಇನ್ನು ನಾಬ್‌ಗಳು. ಫೆಂಡರ್ ಥರದ ಆಂಪ್‌ನಲ್ಲಿ ಟ್ರೆಬಲ್, ಬಾಸ್, ಮಿಡಲ್ ಮೂರನ್ನೂ ಪೂರ್ತಿ ಇಳಿಸಿ ಒಂದು ತಂತಿ ಮೀಟಿ. ವಾಲ್ಯೂಮ್ ಇದ್ದರೂ ಸದ್ದು ಹೆಚ್ಚುಕಮ್ಮಿ ಸತ್ತೇ ಹೋಗುತ್ತದೆ. ಈ ನಾಬ್‌ಗಳು ಸೇರಿಸುವ ನಾಬ್‌ಗಳಲ್ಲ, ಎಷ್ಟು ಕಳೆಯಬೇಕು ಅಂತ ಹೇಳುವ ನಾಬ್‌ಗಳು. ಒಂದರ ಜತೆ ಒಂದು ಗಂಟು ಹಾಕಿಕೊಂಡಿರುವುದರಿಂದ ಒಂದನ್ನು ತಿರುಗಿಸಿದರೆ ಉಳಿದ ಎರಡರ ಗುಣವೂ ಬದಲಾಗುತ್ತದೆ. ಮೂರನ್ನೂ ಸಮವಾಗಿ ನಡುವಿಗೆ ಇಟ್ಟರೂ ಈ ಸರ್ಕ್ಯೂಟ್ ಮಧ್ಯದ ಸ್ವರಗಳನ್ನು ಸಾಕಷ್ಟು ತಿಂದಿರುತ್ತದೆ. ಅದಕ್ಕೇ ನಾನು ಮಿಡಲ್‌ನಿಂದ ಶುರು ಮಾಡುತ್ತೇನೆ. ಮೂರೂ ಕೆಳಗೆ. ಮಿಡಲ್ ಒಂದನ್ನೇ 8ಕ್ಕೆ ತರುತ್ತೇನೆ. ಕಿರಿದಾಗಿ, ಮೂಗಿನಲ್ಲಿ ಹಾಡಿದ ಹಾಗೆ ಕೇಳುತ್ತದೆ. ಆಮೇಲೆ ಟ್ರೆಬಲನ್ನು ಮೆಲ್ಲಗೆ ಏರಿಸುತ್ತಾ ಪಿಕ್ ತಂತಿಗೆ ತಾಗುವ 'ಟಕ್' ಸ್ಪಷ್ಟವಾದ ಕೂಡಲೇ ನಿಲ್ಲಿಸುತ್ತೇನೆ. ನನ್ನ ಟೆಲಿಕಾಸ್ಟರ್‌ಗೆ ಅದು 5ರ ಹತ್ತಿರ. ಬಾಸ್ ಕೊನೆಗೆ, ದಪ್ಪ ಇ ತಂತಿಗೆ ಮೈ ಬರುವಷ್ಟು ಮಾತ್ರ. ಅದು 3 ದಾಟುವುದು ಅಪರೂಪ. ಬ್ಯಾಂಡಿನ ಜತೆ ಇನ್ನೂ ಅರ್ಧ ಇಳಿಸುತ್ತೇನೆ. ಒಬ್ಬನೇ ನುಡಿಸುವಾಗ ತೆಳುವಾಯಿತು ಅನ್ನಿಸಿದರೆ, ಬ್ಯಾಂಡಿನಲ್ಲಿ ಸರಿಯಾಗಿದೆ ಅಂತಲೇ ಅರ್ಥ.

ವಾಲ್ಯೂಮ್ ಮತ್ತು ಮಾಸ್ಟರ್ ಎರಡೂ ಸದ್ದನ್ನು ಏರಿಸುತ್ತವೆ, ಆದರೆ ಕೆಲಸ ಬೇರೆ. ವಾಲ್ಯೂಮ್ ಮುಂಭಾಗದ ಚಿಕ್ಕ 12ಎಎಕ್ಸ್7 ವಾಲ್ವ್‌ಗಳನ್ನು ದುಡಿಸುತ್ತದೆ. ಅಲ್ಲಿಂದ ಬಂದದ್ದು ಇಎಲ್84ಗಳಿಗೆ ಎಷ್ಟು ತಲುಪಬೇಕು ಅನ್ನುವುದು ಮಾಸ್ಟರ್ ಕೈಯಲ್ಲಿದೆ. ವಾಲ್ಯೂಮ್ ತುಂಬಾ, ಮಾಸ್ಟರ್ ಕಡಿಮೆ ಇಟ್ಟರೆ ಡಿಸ್ಟಾರ್ಷನ್ (ಸದ್ದಿನ ಒಡಕು) ಬರುತ್ತದೆ, ಆದರೆ ರೊಂಯ್ ಅನ್ನುವ ತೆಳು ಸದ್ದು. ಅದರಲ್ಲಿ ಮೈ ಇಲ್ಲ. ಉಲ್ಟಾ ಮಾಡಿ: ಮಾಸ್ಟರ್ 9-10, ವಾಲ್ಯೂಮ್ 2ರಿಂದ ಮೆಲ್ಲಗೆ ಮೇಲಕ್ಕೆ. ಒಂದು ಜಾಗ ಬರುತ್ತದೆ, ನನ್ನದರಲ್ಲಿ 4 ದಾಟಿದ ಮೇಲೆ. ಮೃದುವಾಗಿ ಮೀಟಿದರೆ ತಿಳಿಯಾಗಿರುತ್ತದೆ, ಗಟ್ಟಿಯಾಗಿ ಮೀಟಿದರೆ ಸ್ವರದ ಅಂಚು ಒಡೆಯುತ್ತದೆ. ಆ ಜಾಗ ಸಿಕ್ಕರೆ ಅಲ್ಲೇ ನಿಲ್ಲಿ. ವಾಲ್ವ್ ಆಂಪ್‌ಗೆ ಇಷ್ಟೆಲ್ಲ ಕಷ್ಟಪಡುವುದು ಆ ಒಂದು ಜಾಗಕ್ಕೇ. ಅಲ್ಲಿ ಬೆರಳಿನ ಒತ್ತಡವೇ ನಿಮ್ಮ ನಾಬ್.

ಇನ್ನೊಂದು ನಾಬ್ ಗಿಟಾರಿನಲ್ಲೇ ಇದೆ, ಎಲ್ಲರೂ ಅದನ್ನು 10ಕ್ಕೆ ತಿರುಗಿಸಿ ಮರೆತುಬಿಡುತ್ತಾರೆ. ಆಂಪ್ ಆ ಅಂಚಿನಲ್ಲಿರುವಾಗ ಗಿಟಾರಿನ ವಾಲ್ಯೂಮನ್ನು 6ಕ್ಕೆ ಇಳಿಸಿ. ಸದ್ದು ಅಷ್ಟೇನೂ ಕಡಿಮೆಯಾಗುವುದಿಲ್ಲ, ಆದರೆ ಒಡಕು ಹೋಗಿ ತಿಳಿಯಾಗುತ್ತದೆ. ಹಾಡಿಗೆ ಜತೆ ನುಡಿಸುವಾಗ 6, ನಡುವೆ ನಿಮ್ಮ ಸರದಿ ಬಂದಾಗ 10. ಇಳಿಸಿದಾಗ ಸದ್ದು ಮಂಕಾಯಿತು ಅನ್ನಿಸಿದರೆ ಕೇಬಲ್ ನೋಡಿ. ಕೇಬಲ್ ಉದ್ದವಾದಷ್ಟೂ ಟ್ರೆಬಲ್ ಸೋರುತ್ತದೆ. ರೂಮಿಗೆ ಮೂರು ಮೀಟರ್ ಸಾಕು.

ಗಿಟಾರ್ ಮತ್ತು ಆಂಪ್ ನಡುವೆ ಹಾಕಿ ಕಾಲಿನಲ್ಲಿ ಒತ್ತುವ ಪೆಡಲ್ ಬಗ್ಗೆ ಒಂದೇ ಮಾತು. ಟ್ಯೂಬ್ ಸ್ಕ್ರೀಮರ್ ಥರದ ಓವರ್‌ಡ್ರೈವ್ ಪೆಡಲ್ ಇದ್ದರೆ ಅದರ ಡ್ರೈವ್ (ಒಡಕು) ಕಡಿಮೆ, ಲೆವೆಲ್ (ಸದ್ದು) ಜಾಸ್ತಿ ಇಡಿ. ಅದು ಆಂಪನ್ನು ತಳ್ಳಲಿ, ಒಡೆಯುವ ಕೆಲಸ ಆಂಪ್ ಮಾಡಲಿ.

"15 ವಾಟ್ ಸಾಲದು, 30 ವಾಟ್ ತಗೋತೀನಿ" ಅನ್ನುವವರಿಗೆ: ವಾಟ್ ಎರಡರಷ್ಟಾದರೆ ಹೆಚ್ಚುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಸದ್ದು ಎರಡರಷ್ಟು ಅನ್ನಿಸಬೇಕಾದರೆ ಹತ್ತರಷ್ಟು ವಾಟ್ ಬೇಕು. ಅಪಾರ್ಟ್‌ಮೆಂಟಿನಲ್ಲಿ 15 ವಾಟೇ ಜಾಸ್ತಿ. ನಿಜವಾಗಿ ಟೋನ್ ಬದಲಾಗಬೇಕಾದರೆ ದುಡ್ಡನ್ನು ಸ್ಪೀಕರಿಗೆ ಹಾಕಿ. ಸೆಲೆಸ್ಟಿಯನ್ ಕಂಪನಿಯ ಗ್ರೀನ್‌ಬ್ಯಾಕ್ ಸ್ಪೀಕರ್ ಮೆತ್ತಗೆ ಒಡೆಯುತ್ತದೆ. ಅದೇ ಕಂಪನಿಯ ವಿಂಟೇಜ್ 30 ಅದಕ್ಕಿಂತ ಜೋರು, ಮಿಡಲ್ ಚೂಪು. ಎರಡರ ನಡುವಿನ ವ್ಯತ್ಯಾಸ ಬಾಗಿಲ ಹೊರಗೆ ನಿಂತವರಿಗೂ ತಿಳಿಯುತ್ತದೆ. ಸ್ಪೀಕರಿನ ಓಮ್ (ವಿದ್ಯುತ್ ತಡೆ) ಆಂಪ್ ಕೇಳುವುದಕ್ಕೆ ಸರಿಹೊಂದಬೇಕು, 8ಕ್ಕೆ 8. ಸ್ಪೀಕರ್ ತಂತಿ ಬಿಚ್ಚಿರುವಾಗ ವಾಲ್ವ್ ಆಂಪನ್ನು ಎಂದೂ ಆನ್ ಮಾಡಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು.

ಈಗ ವಾಲ್ವ್. 12ಎಎಕ್ಸ್7 ವರ್ಷಗಟ್ಟಲೆ ಬರುತ್ತದೆ. ಅದು ಕೆಟ್ಟಿದೆಯಾ ತಿಳಿಯಲು ಆಂಪ್ ಆನ್ ಇರುವಾಗ ಪೆನ್ಸಿಲ್ಲಿನ ರಬ್ಬರ್ ತುದಿಯಿಂದ ಗಾಜನ್ನು ಮೆಲ್ಲಗೆ ತಟ್ಟಿ. ಚೂರು 'ಟಪ್' ಅಂದರೆ ಸಹಜ. ಗಂಟೆ ಹೊಡೆದ ಹಾಗೆ ಠಣ್ ಅಂದರೆ ಅಥವಾ ಕೂಗಲು ಶುರುವಾದರೆ ಅದನ್ನು ಬದಲಾಯಿಸಿ. ಒಡಕು ಬೇಗ ಬರುತ್ತಿದೆ, ತಿಳಿ ಸದ್ದಿಗೆ ಇನ್ನಷ್ಟು ಜಾಗ ಬೇಕು ಅನ್ನಿಸಿದರೆ ಮೊದಲನೇ 12ಎಎಕ್ಸ್7 ಜಾಗಕ್ಕೆ 5751 ಹಾಕಿ. ಅದೇ ಸಾಕೆಟ್ಟಿಗೆ ಕೂರುತ್ತದೆ, ಗೇನ್ (ಸದ್ದನ್ನು ಏರಿಸುವ ಪ್ರಮಾಣ) ಸುಮಾರು ಮೂರನೇ ಒಂದು ಭಾಗ ಕಡಿಮೆ. ಇಎಲ್84ಗಳನ್ನು ಮಾತ್ರ ಜೋಡಿಯಾಗಿಯೇ ಬದಲಾಯಿಸಬೇಕು, ಹೊಂದಿಸಿ ಮಾರುವ ಮ್ಯಾಚ್ಡ್ ಜೋಡಿ ಕೇಳಿ. ಹಿಂದೆ ಜಾಲಹಳ್ಳಿಯ ಬಿಇಎಲ್‌ನಲ್ಲೇ ರೇಡಿಯೋ ವಾಲ್ವ್‌ಗಳು ತಯಾರಾಗುತ್ತಿದ್ದವು. ಈಗ ನಮಗೆ ಸಿಗುವ ಹೊಸ ವಾಲ್ವ್‌ಗಳೆಲ್ಲ ಹೊರದೇಶದವು, ಪೊಟ್ಟಣ ಬಿಚ್ಚುವಾಗ ಹುಷಾರು.

ಕತ್ತಲಲ್ಲಿ ಇಎಲ್84 ಒಳಗೆ ಗಾಜಿಗೆ ಅಂಟಿದ ಹಾಗೆ ನೀಲಿ ಹೊಳಪು ಕಂಡರೆ ಹೆದರಬೇಡಿ, ಅದು ಸಹಜ. ಆದರೆ ನಡುವಿನ ಬೂದು ಬಣ್ಣದ ತಗಡೇ ಕೆಂಪಗೆ ಕಾದಿದ್ದರೆ ಹಾಡಿನ ಮಧ್ಯದಲ್ಲಾದರೂ ಸರಿ, ಆಂಪ್ ಆರಿಸಿ ರಿಪೇರಿಗೆ ಕೊಡಿ. ಚಾಸಿಯನ್ನು ನೀವಾಗಿ ಬಿಚ್ಚಬೇಡಿ. ಒಳಗೆ 300 ವೋಲ್ಟಿಗೂ ಮೇಲೆ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳು ಅದನ್ನು ಹಿಡಿದಿಟ್ಟುಕೊಂಡಿರಬಹುದು. ನನ್ನ ಹುಡುಗರಿಗೆ ಪ್ರತಿ ಬ್ಯಾಚಿನಲ್ಲೂ ಇದನ್ನು ಎರಡೆರಡು ಸಲ ಹೇಳುತ್ತೇನೆ.

ಸೆಟ್ಟಿಂಗ್ ಸಿಕ್ಕಿದ ದಿನ ಫೋನಿನಲ್ಲಿ ನಾಬ್‌ಗಳ ಫೋಟೋ ತೆಗೆದಿಟ್ಟುಕೊಳ್ಳಿ. ಯಾವ ಗಿಟಾರ್, ಯಾವ ಜಾಗ ಅಂತ ಅದರ ಜತೆ ಬರೆದಿಡಿ. ಕಾರ್ಯಕ್ರಮ ಮುಗಿದ ಕೂಡಲೇ ಆಂಪ್ ಎತ್ತಬೇಡಿ. ಮೊದಲು ಅದನ್ನು ಆರಿಸಿ, ಕೇಬಲ್ ಸುತ್ತಿ, ಪೆಡಲ್ ಚೀಲಕ್ಕೆ ಹಾಕಿ, ಊಟ ಮುಗಿಸಿ ಬನ್ನಿ. ಬಿಸಿ ವಾಲ್ವ್ ಆಟೋದ ಕುಲುಕಾಟ ತಡೆಯುವುದಿಲ್ಲ. ಹಿಂಬದಿಗೆ ಕೈ ಹಿಡಿದು ನೋಡಿ, ಶಾಖ ಪೂರ್ತಿ ಇಳಿದಿದ್ದರೆ ಹೊರಡಿ.