ಬ್ರೀಫಿಂಗ್‌ನಲ್ಲಿ ಮೈಕ್ ಸಿಕ್ಕರೆ ಕಂಸದೊಳಗಿನ ಪದ ಹಿಡಿಯಿರಿ

ವಿಶ್ವಸಂಸ್ಥೆಯ ಹವಾಮಾನ ಸಮ್ಮೇಳನಕ್ಕೆ ಯುವಜನರ ಗುಂಪಿನಿಂದ ಹೋಗುತ್ತಿರುವವರಿಗೆ ಒಂದು ಮಾತು. ಸಂಧಾನಕಾರರ, ಅಂದರೆ ದೇಶದ ಪರವಾಗಿ ಮಾತುಕತೆ ನಡೆಸುವ ಅಧಿಕಾರಿಗಳ, ಬ್ರೀಫಿಂಗ್‌ನಲ್ಲಿ ಮೈಕ್ ಸಿಕ್ಕಾಗ ನಿಮ್ಮ ನಿಲುವು ಹೇಳಲು ಹೋಗಬೇಡಿ. ಒಪ್ಪಂದದ ಕರಡಿನಲ್ಲಿ ಚೌಕ ಕಂಸದೊಳಗಿರುವ ಒಂದೇ ಒಂದು ಪದ ಹಿಡಿದು ಕೇಳಿ. ಕಂಸ ಇದೆ ಅಂದರೆ ಆ ಪದಕ್ಕೆ ಇನ್ನೂ ಒಪ್ಪಿಗೆ ಆಗಿಲ್ಲ ಅಂತ ಅರ್ಥ. "ನಿಮಗೆ ನಾಚಿಕೆ ಆಗಲ್ವಾ?" ಅಂತ ಕೇಳಿದರೆ "ನಿಮ್ಮ ಕಾಳಜಿ ನಮಗೂ ಇದೆ" ಅಂತಾರೆ, ಮೈಕ್ ಪಕ್ಕದವರ ಕೈಗೆ ಹೋಗುತ್ತೆ. "ಈ ಪ್ಯಾರಾದಲ್ಲಿ 'ಶಲ್' ಇರಲಿ ಅಂತೀರಾ, 'ಶುಡ್' ಸಾಕು ಅಂತೀರಾ?" ಅಂದರೆ ನುಣುಚಿಕೊಳ್ಳೋದು ಕಷ್ಟ. 'ಶಲ್' ಅಂದರೆ ಮಾಡಲೇಬೇಕು, 'ಶುಡ್' ಅಂದರೆ ಮಾಡಿದರೆ ಒಳ್ಳೇದು ಅಷ್ಟೇ. ಆ ಅಧಿಕಾರಿ ರಾಜಧಾನಿಯಿಂದ ಬಂದ ಸೂಚನೆಯಂತೆ ಮಾತಾಡುವವರು, ಸರ್ಕಾರದ ನೀತಿಯನ್ನು ಆ ಕೋಣೆಯಲ್ಲಿ ಬದಲಿಸಲಾರರು. ಆದರೆ ಪದಗಳ ಜಗ್ಗಾಟ ಅವರ ದಿನದ ಕೆಲಸ. ಇದು ಸುಮ್ನೆ ವ್ಯಾಕರಣ ಅಲ್ಲ. 2015ರಲ್ಲಿ ಪ್ಯಾರಿಸ್ ಒಪ್ಪಂದ ಕೊನೇ ಗಳಿಗೆಯಲ್ಲಿ ಸಿಕ್ಕಿಕೊಂಡಿದ್ದೇ 'ಶಲ್' ಮೇಲೆ, ಅಮೆರಿಕದ ಒತ್ತಾಯಕ್ಕೆ ಅದು 'ಶುಡ್' ಆಯಿತು. 2021ರ ಗ್ಲಾಸ್ಗೋ ಸಮ್ಮೇಳನದಲ್ಲಿ ಕಲ್ಲಿದ್ದಲಿನ 'ಫೇಸ್ ಔಟ್' (ಹಂತಹಂತವಾಗಿ ನಿಲ್ಲಿಸೋದು) ಹೋಗಿ 'ಫೇಸ್ ಡೌನ್' (ಹಂತಹಂತವಾಗಿ ಕಡಿಮೆ ಮಾಡೋದು) ಬಂತು. ಆ ತಿದ್ದುಪಡಿಯನ್ನು ಸಭೆಯಲ್ಲಿ ಓದಿದ್ದು ನಮ್ಮ ಭಾರತವೇ. ಕರಡೇ ಬಂದಿರದ ಮೊದಲ ದಿನಗಳಲ್ಲಿ ಈ ಉಪಾಯ ನಡೆಯಲ್ಲ. ಮಂತ್ರಿಗಳು ಬಂದು ಬಾಗಿಲು ಮುಚ್ಚಿಕೊಂಡ ಮೇಲಂತೂ ಅಧಿಕಾರಿಗೇ ಜಾಸ್ತಿ ಗೊತ್ತಿರಲ್ಲ. ಇನ್ನು, ಹೆಸರು ಹಾಕಬೇಡಿ ಅಂತ ಹೇಳಿ ಉತ್ತರ ಕೊಟ್ಟರೆ ಅದನ್ನು ಹೊರಗೆ ಬಂದು ಪೋಸ್ಟ್ ಮಾಡಬೇಡಿ, ಮುಂದಿನ ಸಲ ಅವರು ಬಾಯಿ ಬಿಡಲ್ಲ. ಘೋಷಣೆ ಕೂಗಬೇಕಾ? ಖಂಡಿತ ಕೂಗಿ, ಕಾರಿಡಾರ್‌ನಲ್ಲಿ. ಅದಕ್ಕೂ ಮೊದಲೇ ಅನುಮತಿ ಬೇಕು.