ರಜೆಯ ರಶ್‌ನಲ್ಲಿ ವಂಡರ್‌ಲಾ: ತುಮಕೂರಿನಿಂದ ಮನೆಮಂದಿಯೆಲ್ಲ ಹೋಗಿ ಬರುವ ಬಗೆ

ರಜೆಯಲ್ಲಿ ಬಿಡದಿ ಹತ್ತಿರದ ವಂಡರ್‌ಲಾ ಅಮ್ಯೂಸ್‌ಮೆಂಟ್ ಪಾರ್ಕಿಗೆ ಹೊರಡುವ ಮನೆಗಳಲ್ಲಿ ಯಾವ ರೈಡ್ ಮೊದಲು ಹತ್ತಬೇಕು ಅನ್ನುವುದೇ ಮಾತು. ರೈಡ್ ಹತ್ತದವರು ಇಡೀ ದಿನ ಎಲ್ಲಿ ಕೂರುತ್ತಾರೆ, ಏನು ತಿನ್ನುತ್ತಾರೆ ಅಂತ ಯಾರೂ ಕೇಳುವುದಿಲ್ಲ. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ.

ನಮ್ಮ ಮನೆ ತುಮಕೂರಿನ ಪಕ್ಕದ ಕ್ಯಾತ್ಸಂದ್ರದಲ್ಲಿದೆ. ರಜೆ ಬಂದರೆ ತಂಗಿಯರ ಮಕ್ಕಳು, ಮೈದುನನ ಮಕ್ಕಳು ಎಲ್ಲ ಇಲ್ಲೇ ಸೇರುತ್ತಾರೆ. ಅವರೆಲ್ಲರಿಗೂ ನಾನು ದೊಡ್ಡಮ್ಮ. ಜೊತೆಗೆ ಎಪ್ಪತ್ತು ದಾಟಿದ ನಮ್ಮ ಅತ್ತೆ, ಮೂರು ವರ್ಷದ ಒಂದು ಕೂಸು. ಬ್ಯಾಗ್ ಕಾಯುವುದು, ತಲೆ ಎಣಿಸುವುದು ನನ್ನ ಕೆಲಸ. ಅಲ್ಲಿ ಕೂತು ನೋಡಿದವಳಾಗಿ ಹೇಳುತ್ತೇನೆ. ಅಜ್ಜಿ ಮಧ್ಯಾಹ್ನಕ್ಕೇ ಸುಸ್ತಾದರೆ ಇಡೀ ಗುಂಪಿನ ದಿನ ಮಧ್ಯಾಹ್ನಕ್ಕೇ ಮುಗಿಯುತ್ತದೆ. ಅಜ್ಜಿ, ಕೂಸು ನೆಮ್ಮದಿಯಾಗಿದ್ದರೆ ದೊಡ್ಡ ಮಕ್ಕಳು ಸಂಜೆವರೆಗೂ ಆಡಬಹುದು.

ಮೊದಲು ದಿನ ನೋಡಿಕೊಳ್ಳಿ. ನಮ್ಮಲ್ಲಿ ಅದೇ ದೊಡ್ಡ ಕಷ್ಟ. ಸ್ಟೇಟ್ ಸಿಲಬಸ್ ಮಕ್ಕಳಿಗೆ ದಸರಾ ರಜೆ, ಕಾನ್ವೆಂಟ್ ಮಕ್ಕಳಿಗೆ ಕ್ರಿಸ್‌ಮಸ್ ರಜೆ. ಎಲ್ಲರಿಗೂ ಒಟ್ಟಿಗೆ ಸಿಗುವುದು ಬೇಸಿಗೆಯಲ್ಲೇ. ದಸರೆಯಲ್ಲಾದರೆ ರಜೆಯ ಮೊದಲ ವಾರದಲ್ಲೇ, ಭಾನುವಾರ ಬಿಟ್ಟು ಹೋಗಿಬನ್ನಿ. ಡಿಸೆಂಬರ್‌ನಲ್ಲಿ ಶಾಲೆಗಳ ಪ್ರವಾಸದ ಬಸ್ಸುಗಳೂ ಸೇರಿಕೊಳ್ಳುತ್ತವೆ. 25ರಿಂದ ಜನವರಿ 1ರವರೆಗಂತೂ ಕಾಲಿಡಲು ಜಾಗ ಇರುವುದಿಲ್ಲ. ಆ ವಾರ ಬಿಟ್ಟು ಬೇರೆ ದಾರಿಯೇ ಇಲ್ಲ ಅಂದರೆ ಮಂಗಳವಾರವೋ ಬುಧವಾರವೋ ಬರುವ ಹಾಗೆ ನೋಡಿ. ಟಿಕೆಟ್ ಮನೆಯಲ್ಲೇ ಆನ್‌ಲೈನ್‌ನಲ್ಲಿ ತೆಗೆದುಕೊಳ್ಳಿ. ರಜೆಯ ದಿನಕ್ಕೆ ರೇಟು ಜಾಸ್ತಿ ಇರುತ್ತದೆ, ಅದನ್ನೂ ಅಲ್ಲೇ ನೋಡಬಹುದು. ರೈಡ್ ಹತ್ತದವರಿಗೂ ಟಿಕೆಟ್ ಬೇಕು. ಹಿರಿಯರಿಗೆ, ಕಾಲೇಜು ಮಕ್ಕಳಿಗೆ ರಿಯಾಯಿತಿ ಇರುತ್ತದೆ. ಹಾಗಾಗಿ ಆಧಾರ್, ಕಾಲೇಜಿನ ಐಡಿ ಕಾರ್ಡ್ ಜೊತೆಗಿರಲಿ.

ಇನ್ನು ಎತ್ತರದ ವಿಷಯ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮಕ್ಕಳ ಟಿಕೆಟ್ ಕೊಡುವುದು ವಯಸ್ಸು ನೋಡಿ ಅಲ್ಲ, ಎತ್ತರ ನೋಡಿ. ದೊಡ್ಡ ರೈಡುಗಳಿಗೂ ಇಷ್ಟು ಸೆಂಟಿಮೀಟರ್ ಇರಲೇಬೇಕು ಅಂತ ಬೋರ್ಡ್ ಇರುತ್ತದೆ. ಹೊರಡುವ ಹಿಂದಿನ ದಿನ ಮಗುವನ್ನು ಚಪ್ಪಲಿ ಇಲ್ಲದೆ ಗೋಡೆಗೆ ನಿಲ್ಲಿಸಿ ಅಳೆಯಿರಿ. ಹತ್ತಲಾಗದ ರೈಡುಗಳನ್ನು ವೆಬ್‌ಸೈಟ್‌ನಲ್ಲಿ ನೋಡಿ ಮನೆಯಲ್ಲೇ ಹೇಳಿಬಿಡಿ. ಒಂದು ಗಂಟೆ ಬಿಸಿಲಲ್ಲಿ ಲೈನಿನಲ್ಲಿ ನಿಂತು, ತನ್ನ ಸರದಿ ಬಂದಾಗ "ನೀನು ಆ ಕಡೆ ಬಾ ಪುಟ್ಟಾ" ಅಂತ ಕೈ ಹಿಡಿದು ಹೊರಗೆ ಕಳಿಸಿದರೆ ಆ ಮಗುವಿಗೆ ಎಷ್ಟು ನೋವಾಗುತ್ತದೆ, ಅಲ್ವಾ? ಅಣ್ಣ ಒಳಗೆ ಹೋದ, ತಾನು ಹೊರಗೆ. ಹಾಗೆ ಅಳುತ್ತಾ ನಿಂತ ಮಕ್ಕಳನ್ನು ಪ್ರತಿ ಸಲವೂ ನೋಡುತ್ತೇನೆ. ಎತ್ತರದ ನಿಯಮ ಇರುವುದು ಸೀಟಿನ ಕಂಬಿ, ಬೆಲ್ಟು ಮೈಗೆ ಸರಿಯಾಗಿ ಕೂರಲಿ ಅಂತ. ಅಲ್ಲಿನ ಹುಡುಗರ ಹತ್ತಿರ ವಾದ ಮಾಡಬೇಡಿ, ಹಿಮ್ಮಡಿ ಎತ್ತಿ ನಿಲ್ಲು ಅಂತ ಮಗುವಿಗೆ ಹೇಳಿಕೊಡಬೇಡಿ. ಹೃದಯದ ತೊಂದರೆ, ಬೆನ್ನುನೋವು ಇರುವವರು, ಗರ್ಭಿಣಿಯರು ದೊಡ್ಡ ರೈಡುಗಳಿಗೆ ಹೋಗಲೇಬಾರದು.

ಬಟ್ಟೆಯಲ್ಲಿ ನಮ್ಮ ಹೆಂಗಸರಿಗೆ ಪ್ರತಿ ಸಲ ಗೊಂದಲ. ನೀರಿನ ಆಟಕ್ಕೆ ಹತ್ತಿ ಬಟ್ಟೆ, ಸೀರೆ, ಜೀನ್ಸ್ ಹಾಕಿಕೊಂಡರೆ ಬಿಡುವುದಿಲ್ಲ. ನೈಲಾನ್, ಪಾಲಿಯೆಸ್ಟರ್ ಥರದ್ದೇ ಬೇಕು. ಹತ್ತಿ ನೀರು ಕುಡಿದು ಭಾರವಾಗುತ್ತದೆ, ಮೈಗೆ ಅಂಟಿಕೊಳ್ಳುತ್ತದೆ. ಪಾರ್ಕಿನ ಅಂಗಡಿಯಲ್ಲಿ ಕೊಳ್ಳುವ ಬದಲು ಮನೆಯಲ್ಲೇ ಹುಡುಕಿದರೆ ಮಕ್ಕಳ ಸ್ಪೋರ್ಟ್ಸ್ ಟೀ ಶರ್ಟ್, ಟ್ರ್ಯಾಕ್ ಪ್ಯಾಂಟ್ ಸಿಗುತ್ತವೆ. ಒಡವೆ ಬೇಡ. ಉದ್ದದ ಸರ, ಜುಮಕಿ, ಸಡಿಲ ಉಂಗುರ ಎಲ್ಲ ಮನೆಯಲ್ಲಿರಲಿ. ಮಾಂಗಲ್ಯ ತೆಗೆಯಲು ಮನಸ್ಸು ಬರದಿದ್ದರೆ ಅದನ್ನು ಬಟ್ಟೆಯ ಒಳಗೆ ಪಿನ್ ಹಾಕಿಕೊಳ್ಳಿ. ಒಬ್ಬೊಬ್ಬರಿಗೂ ಒಂದು ಟವೆಲ್, ಒಂದು ಜೊತೆ ಒಣಬಟ್ಟೆ, ಒಂದು ಪ್ಲಾಸ್ಟಿಕ್ ಕವರ್ ಬೇರೆ ಬೇರೆ ಕಟ್ಟಿ, ಮೇಲೆ ಹೆಸರು ಬರೆಯಿರಿ. ಬಟ್ಟೆ ಬದಲಿಸುವ ಕಡೆ ನೂಕುನುಗ್ಗಲು ಇರುತ್ತದೆ. ಅಲ್ಲಿ ಒಂದೇ ದೊಡ್ಡ ಬ್ಯಾಗಿನಲ್ಲಿ ಎಲ್ಲರ ಒಳಬಟ್ಟೆ ಹುಡುಕುವುದು ತುಂಬಾ ಕಷ್ಟ.

ತಿಂಡಿ ತಟ್ಟೆ ಇಡ್ಲಿಗೆ ಹೆಸರಾದ ಕ್ಯಾತ್ಸಂದ್ರದಲ್ಲೇ ಮುಗಿಸಿ. ಬಿಡದಿಯ ತಟ್ಟೆ ಇಡ್ಲಿಗೂ ಹೆಸರಿದೆ, ಒಪ್ಪುತ್ತೇನೆ. ಆದರೆ ಪಾರ್ಕ್ ಇರುವುದು ಬಿಡದಿ ಊರಿಗಿಂತ ಮುಂಚೆ, ಹೆಜ್ಜಾಲದ ಹತ್ತಿರ ಜಡೇನಹಳ್ಳಿಯಲ್ಲಿ. ಇಡ್ಲಿಗಾಗಿ ಊರವರೆಗೆ ಹೋಗಿ ವಾಪಸ್ ಬರಬೇಕು, ರಜೆಯ ದಿನ ಹೋಟೆಲಿನಲ್ಲೂ ಕಾಯಬೇಕು. ನಮ್ಮೂರಿನಲ್ಲಿ ಬೆಳಗ್ಗೆ ಆರೂವರೆಗೆ ಬಿಸಿ ಬಿಸಿ ತಟ್ಟೆ ಇಡ್ಲಿ ತಿಂದು ಏಳಕ್ಕೆ ಗಾಡಿ ಹತ್ತಿದರೆ ಪಾರ್ಕಿನ ಬಾಗಿಲು ತೆಗೆಯುವ ಮೊದಲೇ ಸೇರಬಹುದು. ನೆಲಮಂಗಲ ದಾಟಿ, ಮಾದಾವರದ ಹತ್ತಿರ ನೈಸ್ ರಸ್ತೆ ಹತ್ತಿ, ಮೈಸೂರು ರಸ್ತೆಗೆ ಇಳಿಯಿರಿ. ಟೋಲ್ ಕೊಟ್ಟರೂ ಪರವಾಗಿಲ್ಲ, ಬೆಂಗಳೂರಿನ ಸಿಗ್ನಲ್ ತಪ್ಪುತ್ತದೆ. 2023ರಿಂದ ಮೈಸೂರು ಕಡೆಗೆ ಎಕ್ಸ್‌ಪ್ರೆಸ್‌ವೇ ಇದೆ. ಅದರ ಮೇಲಕ್ಕೆ ಹತ್ತಿದರೆ ಬೇಕಾದ ಕಡೆ ಇಳಿಯಲು ಆಗುವುದಿಲ್ಲ. ಸರ್ವಿಸ್ ರಸ್ತೆಯಲ್ಲೇ ಇರಿ ಅಂತ ಡ್ರೈವರ್‌ಗೆ ಮೊದಲೇ ಹೇಳಿ. ಕುಣಿಗಲ್, ಮಾಗಡಿ ಮೇಲೆಯೂ ಹೋಗಬಹುದು. ಆ ದಾರಿ ನೋಡಲು ಚೆಂದ. ಆದರೆ ತಿರುವುಗಳಿವೆ, ವಾಂತಿ ಮಾಡುವ ಮಕ್ಕಳಿದ್ದರೆ ಬೇಡ.

ಕಾಲೇಜು ಹುಡುಗರು ಗಾಡಿ ಮಾಡಿಕೊಳ್ಳುವ ಅಗತ್ಯವೇ ಇಲ್ಲ. 2024ರ ನವೆಂಬರ್‌ನಿಂದ ಹಸಿರು ಮಾರ್ಗದ ಮೆಟ್ರೋ ಮಾದಾವರದವರೆಗೆ ಬರುತ್ತದೆ. ತುಮಕೂರು ಬಸ್ಸಿನಲ್ಲಿ ಅಲ್ಲಿ ಇಳಿದು ಮೆಜೆಸ್ಟಿಕ್‌ಗೆ ಹೋಗಿ. ಅಲ್ಲಿ ನೇರಳೆ ಮಾರ್ಗ ಹಿಡಿದರೆ ಚಲ್ಲಘಟ್ಟದವರೆಗೆ ಮೆಟ್ರೋ. ಆಮೇಲೆ ಮೈಸೂರು ರಸ್ತೆಯ ಬಸ್ಸು. ಚಿಕ್ಕ ಮಕ್ಕಳನ್ನು ಕರೆದುಕೊಂಡು ಮಾತ್ರ ಹೀಗೆ ಹೋಗಬೇಡಿ. ವಾಪಸ್ ಬರುವಾಗ ನಿದ್ದೆಗಣ್ಣಿನ ಮಗುವನ್ನು ಹೊತ್ತು ಮೆಟ್ಟಿಲು ಹತ್ತಿ ಇಳಿಯುವುದು ಯಾರಿಗೂ ಬೇಡ.

ಒಳಗೆ ಹೋದ ಕೂಡಲೇ ಜನರೆಲ್ಲ ಎದುರಿಗೆ ಕಾಣುವ ಮೊದಲ ರೈಡಿಗೆ ಲೈನ್ ನಿಲ್ಲುತ್ತಾರೆ. ನಿಮ್ಮ ದೊಡ್ಡ ಮಕ್ಕಳನ್ನು ಸೀದಾ ಹಿಂದಿನ ಭಾಗಕ್ಕೆ, ತುಂಬಾ ಬೇಡಿಕೆ ಇರುವ ರೈಡಿಗೆ ಕಳಿಸಿ. ಮುಂದಕ್ಕೂ ಹಿಂದಕ್ಕೂ ಓಡುವ ರಿಕಾಯಿಲ್ ಥರದ ರೋಲರ್ ಕೋಸ್ಟರ್‌ನಲ್ಲಿ ಒಂದು ಸಲಕ್ಕೆ ಕೂರುವುದು ಕೆಲವೇ ಜನ. ಅವರು ಇಳಿದು, ಮುಂದಿನವರು ಕೂತು, ಬೆಲ್ಟ್ ನೋಡಿ ಬಿಡುವಷ್ಟರಲ್ಲಿ ಲೈನ್ ಇನ್ನೂ ಬೆಳೆದಿರುತ್ತದೆ. ಹಾಗಾಗಿ ಇಂಥವನ್ನೆಲ್ಲ ಬೆಳಗ್ಗೆಯೇ ಮುಗಿಸಬೇಕು. ನೀರಿನ ಆಟಗಳು ಬಾಗಿಲು ತೆಗೆದ ತಕ್ಷಣ ಶುರುವಾಗುವುದಿಲ್ಲ. ಅವು ಎಷ್ಟು ಹೊತ್ತಿಗೆ ಶುರು, ಎಷ್ಟು ಹೊತ್ತಿಗೆ ಬಂದ್ ಅಂತ ಗೇಟಿನಲ್ಲೇ ಕೇಳಿಕೊಳ್ಳಿ. ಶುರುವಾದ ಗಳಿಗೆಗೆ ಊರೆಲ್ಲ ಅತ್ತ ಓಡುತ್ತದೆ. ಆಗ ಒಣ ರೈಡುಗಳಲ್ಲಿ ಲೈನ್ ಕರಗುತ್ತದೆ. ಆ ಹೊತ್ತನ್ನು ಬಿಡಬೇಡಿ.

ನೀರಿನ ಕಡೆ ಹೋದಾಗಲೂ ಇದೇ ಲೆಕ್ಕ. ಜಾರುವ ಸ್ಲೈಡಿಗೆ ಒಂದು ಸಲಕ್ಕೆ ಕೆಲವರೇ ಹೋಗಬೇಕು, ಕಾಯಲೇಬೇಕು. ಅಲೆ ಏಳುವ ವೇವ್ ಪೂಲ್, ಹಾಡಿಗೆ ನೀರಿನ ಮಳೆಯಲ್ಲಿ ಕುಣಿಯುವ ರೇನ್ ಡಿಸ್ಕೋದಲ್ಲಿ ನೂರಾರು ಜನ ಒಟ್ಟಿಗೆ ಇರಬಹುದು, ಅಲ್ಲಿ ಲೈನೇ ಇಲ್ಲ. ರಶ್ ಇರುವ ದಿನ ನಾವು ಜಾಸ್ತಿ ಹೊತ್ತು ಕಳೆಯುವುದು ವೇವ್ ಪೂಲಿನಲ್ಲೇ. ನಮ್ಮ ಅತ್ತೆಯೂ ದಡದ ಹತ್ತಿರ ನಿಂತು ಅಲೆಗೆ ಕಾಲು ಕೊಡುತ್ತಾರೆ, ಕೂಸಿಗೆ ಅದೇ ಸಮುದ್ರ. ಆದರೆ ಚಿಕ್ಕವರ ಕೈ ಒಂದು ಕ್ಷಣವೂ ಬಿಡಬೇಡಿ. ಅಷ್ಟು ಜನರ ನಡುವೆ ಮಗು ಮುಳುಗಿದರೆ ಪಕ್ಕದವರಿಗೂ ಗೊತ್ತಾಗುವುದಿಲ್ಲ. ಲೈಫ್‌ಗಾರ್ಡ್ ಇದ್ದಾರೆ ಅಂತ ಸುಮ್ನೆ ದಡದಲ್ಲಿ ಕೂರಬೇಡಿ.

ಫಾಸ್ಟ್‌ಟ್ರ್ಯಾಕ್ ಟಿಕೆಟ್ ಅಂತ ಇದೆ. ದುಡ್ಡು ಜಾಸ್ತಿ, ಲೈನ್ ಬೇರೆ. ಎಲ್ಲರಿಗೂ ತೆಗೆಸಬೇಡಿ. ದಿನವಿಡೀ ದೊಡ್ಡ ರೈಡ್ ಹತ್ತುವ ಹುಡುಗರಿಗೆ ಮಾತ್ರ, ಅದೂ ತುಂಬಾ ರಶ್ ಇರುವ ದಿನ ಮಾತ್ರ ತೆಗೆಸಿ.

ಅಜ್ಜಿ, ಕೂಸು, ಬ್ಯಾಗ್ ಇರುವವರಿಗೆ ಒಂದು ಠಿಕಾಣಿ ಬೇಕು. ಒಳಗೆ ಕಾಲಿಟ್ಟ ಮೊದಲ ಹತ್ತು ನಿಮಿಷದಲ್ಲೇ ಅದನ್ನು ಗೊತ್ತು ಮಾಡಿ. ನೆರಳು ಇರಬೇಕು, ಶೌಚಾಲಯ ಹತ್ತಿರ ಇರಬೇಕು, ಮಕ್ಕಳಿಗೆ ದೂರದಿಂದ ಗುರುತು ಸಿಗಬೇಕು. ಆಡುವವರ ಫೋನ್ ಎಲ್ಲ ಲಾಕರ್‌ನಲ್ಲಿರುತ್ತದೆ, ಕೈಯಲ್ಲಿದ್ದರೂ ಅಷ್ಟು ಜನರಲ್ಲಿ ಕೇಳಿಸುವುದಿಲ್ಲ. ಹಾಗಾಗಿ ಗಡಿಯಾರ ನೋಡಿಯೇ ಸೇರಬೇಕು. ನಮ್ಮಲ್ಲಿ ಎರಡು ಗಂಟೆಗೊಮ್ಮೆ ಎಲ್ಲರೂ ಠಿಕಾಣಿಗೆ ಬರಬೇಕು. ಲೈನಿನ ಮಧ್ಯ ಇದ್ದರೆ ಜೋಡಿಯಲ್ಲಿ ಒಬ್ಬ ಬಂದು ಹೇಳಿ ಹೋಗಬೇಕು. ಜೋಡಿ ಇಲ್ಲದೆ ಯಾರೂ ಎಲ್ಲಿಗೂ ಹೋಗುವ ಹಾಗಿಲ್ಲ. ಪ್ರತಿ ಸಲ ಸೇರಿದಾಗ ದೊಡ್ಡವರಲ್ಲಿ ಒಬ್ಬರು ಬದಲಾಗಿ ಅಜ್ಜಿಯ ಹತ್ತಿರ ಕೂರುತ್ತಾರೆ. ಒಬ್ಬರೇ ಇಡೀ ದಿನ ಬ್ಯಾಗ್ ಹತ್ತಿರ ಕೂರುವುದು ಅನ್ಯಾಯ, ಅದಕ್ಕೆ ಈ ಪಾಳಿ.

ಚಿಕ್ಕ ಮಕ್ಕಳ ತೋಳಿನ ಮೇಲೆ ಠಿಕಾಣಿಯಲ್ಲಿ ಕೂರುವವರ ಫೋನ್ ನಂಬರ್ ಬರೆಯಿರಿ. ಬಾಲ್‌ಪೆನ್ ನೀರಿಗೆ ಅಳಿಸುತ್ತದೆ, ಪರ್ಮನೆಂಟ್ ಮಾರ್ಕರ್ ತನ್ನಿ. ತಪ್ಪಿಸಿಕೊಂಡರೆ ಹುಡುಕುತ್ತಾ ಓಡಬೇಡ, ಇದ್ದಲ್ಲೇ ನಿಂತು ಯೂನಿಫಾರ್ಮ್ ಹಾಕಿದವರನ್ನು ಕೂಗು ಅಂತ ಹೇಳಿಕೊಡಿ. ಬೆಳಗ್ಗೆ ಗೇಟಿನ ಹತ್ತಿರ ಎಲ್ಲರದೂ ಒಂದು ಫೋಟೋ ತೆಗೆಯಿರಿ. ಮಗು ಯಾವ ಬಣ್ಣದ ಬಟ್ಟೆ ಹಾಕಿತ್ತು ಅಂತ ಗಾಬರಿಯಲ್ಲಿ ನೆನಪಿಗೆ ಬರುವುದಿಲ್ಲ.

ಹೊರಗಿನ ಊಟ ಒಳಗೆ ಬಿಡುವುದಿಲ್ಲ. ಕೂಸಿನ ಊಟ, ಅಜ್ಜಿಯ ಮಾತ್ರೆ ಗೇಟಿನಲ್ಲಿ ತೋರಿಸಿ ತೆಗೆದುಕೊಂಡು ಹೋಗಿ. ಮಧ್ಯಾಹ್ನದ ಊಟಕ್ಕೆ ಹನ್ನೆರಡಕ್ಕೇ ಕೂರಿ, ಇಲ್ಲವೇ ಎರಡೂವರೆ ಆದ ಮೇಲೆ ಕೂರಿ. ಮಧ್ಯದಲ್ಲಿ ಹೋದರೆ ಅಲ್ಲೂ ಲೈನು. ಊಟ ಮಾಡಿದ ಕೂಡಲೇ ತಿರುಗುವ ರೈಡ್ ಬೇಡ.

ಸಂಜೆಗೆ ಗಾಡಿಯಲ್ಲಿ ಊಟ ಇಟ್ಟಿರಿ. ನಾನು ಚಿತ್ರಾನ್ನ, ಕೋಡುಬಳೆ, ಹುರಿದ ಕಡಲೆಬೀಜ ಕಟ್ಟಿರುತ್ತೇನೆ. ಮೊಸರನ್ನ ಸಂಜೆಯ ಹೊತ್ತಿಗೆ ಹುಳಿಯಾಗಬಹುದು, ಬೇಸಿಗೆಯಲ್ಲಂತೂ ಅದು ಬೇಡ. ಒಂದು ಫ್ಲಾಸ್ಕ್ ಬಿಸಿ ಹಾಲು ಕೂಸಿಗೆ. ಪಾರ್ಕ್ ಮುಚ್ಚುವ ಹೊತ್ತಿಗೆ ಎಲ್ಲ ಗಾಡಿಗಳೂ ಒಟ್ಟಿಗೆ ಹೊರಡುತ್ತವೆ. ಒಂದು ಗಂಟೆ ಮುಂಚೆ ಹೊರಟುಬಿಡಿ, ಇಲ್ಲವೇ ಪಾರ್ಕಿಂಗ್‌ನಲ್ಲಿ ಕೂತು ನಿಧಾನವಾಗಿ ಊಟ ಮುಗಿಸಿ ಹೊರಡಿ. ತಲೆ ಚೆನ್ನಾಗಿ ಒರೆಸಿ, ಕಿವಿಗೆ ಟೋಪಿ ಹಾಕಿ, ಗಾಡಿ ಸ್ಟಾರ್ಟ್ ಆಗುವ ಮೊದಲು ಒಬ್ಬೊಬ್ಬರ ಹೆಸರು ಕೂಗಿ ಎಣಿಸಿ. ಡ್ರೈವರ್ ದಿನವಿಡೀ ಮಲಗಿದ್ದರಾ, ಊಟ ಮಾಡಿದರಾ ಅಂತಲೂ ಕೇಳಿ. ಇಲ್ಲ ಅಂದರೆ ಅವರಿಗೆ ಮೊದಲು ಬಡಿಸಿ, ಅರ್ಧ ಗಂಟೆ ಬಿಟ್ಟು ಹೊರಡಿ.