ಹದಿನಾರನೇ ಪುಸ್ತಕಕ್ಕೆ ಮೊದಲು ಉದ್ರಿ ಲೆಕ್ಕ ತೆಗೆಯಿರಿ

ನಮ್ಮಪ್ಪನದು ಗದಗದಲ್ಲಿ ಕಿರಾಣಿ ಅಂಗಡಿ. ಯಾರು ಏನು ಒಯ್ದರು, ಎಷ್ಟು ಬಾಕಿ ಅನ್ನೋದೆಲ್ಲ ಒಂದು ಉದ್ದನೆಯ ಉದ್ರಿ ಪುಸ್ತಕದಲ್ಲಿ ಇರುತ್ತಿತ್ತು. ಜಿಮ್ ಬುಚರ್ ಅವರ ಡ್ರೆಸ್ಡನ್ ಫೈಲ್ಸ್ ಕಾದಂಬರಿ ಸರಣಿ ಓದೋಕೆ ಕೊನೆಗೆ ನನಗೆ ದಾರಿ ತೋರಿಸಿದ್ದು ಆ ಪುಸ್ತಕವೇ.

ಹ್ಯಾರಿ ಡ್ರೆಸ್ಡನ್ ಶಿಕಾಗೊದ ಮಾಂತ್ರಿಕ. ದುಡ್ಡು ಕೊಟ್ಟರೆ ನಿಮ್ಮ ಕೇಸು ಹಿಡಿಯುತ್ತಾನೆ. ಮೊದಲ ಪುಸ್ತಕ ಬಂದದ್ದು 2000ದಲ್ಲಿ. ಹದಿನೈದನೆಯದು 2014ರಲ್ಲಿ, ಹದಿನಾರನೆಯದು 2020ರ ಜುಲೈನಲ್ಲಿ. ನಡುವೆ ಆರು ವರ್ಷ. ಯಾರಿಗೆ ನೆನಪಿರುತ್ತೆ ಹೇಳಿ?

ಹಾಗಂತ ಒಂದರಿಂದ ಮತ್ತೆ ಶುರು ಮಾಡಬೇಡಿ. ಲಾಕ್‌ಡೌನಿನಲ್ಲಿ ನಾನು ಅದನ್ನೇ ಮಾಡಿದೆ. ಮೊದಲ ಎರಡು ಸ್ವಲ್ಪ ಸಪ್ಪೆ. ಆರನೆಯದಕ್ಕೆ ಬರುವಷ್ಟರಲ್ಲಿ ಸಾಕಾಯ್ತು. ಹೊಸ ಪುಸ್ತಕ ಬೀರು ಮೇಲೇ ಕೂತಿತ್ತು.

ಅದರ ಬದಲು ಒಂದು ನೂರು ಪುಟದ ನೋಟ್‌ಬುಕ್ ತಗೊಳ್ಳಿ. ಕಥೆ ಬರೆಯಬೇಡಿ. ಯಾರು ಯಾರಿಗೆ ಬಾಕಿ ಅನ್ನೋದನ್ನು ಮಾತ್ರ ಬರೆಯಿರಿ. ಹ್ಯಾರಿ ಕೊಡಬೇಕಾದ್ದು ಎಡಕ್ಕೆ, ಅವನಿಗೆ ಬರಬೇಕಾದ್ದು ಬಲಕ್ಕೆ. ಈ ಸರಣಿ ನಡೆಯೋದೇ ಸಾಲದ ಮೇಲೆ. ನಾಲ್ಕನೇ ಪುಸ್ತಕದಲ್ಲಿ ಚಳಿಗಾಲದ ಫೇರಿಗಳ, ಅಂದರೆ ಮಾಯಾಶಕ್ತಿಯ ಜನರ, ರಾಣಿ ಮ್ಯಾಬ್, ಹ್ಯಾರಿಯ ಹಳೇ ಸಾಲವನ್ನು ಬೇರೆಯವರ ಕೈಯಿಂದ ಕೊಂಡುಕೊಳ್ಳುತ್ತಾಳೆ. ತೀರಬೇಕಾದರೆ ಮೂರು ಕೆಲಸ ಮಾಡಿಕೊಡಬೇಕು. ಎರಡನೆಯದನ್ನು ಅವಳು ಕೇಳೋದು ಹತ್ತನೇ ಪುಸ್ತಕದಲ್ಲಿ! ನಾಲ್ಕನೆಯದು ಬಂದದ್ದು 2002ರಲ್ಲಿ, ಹತ್ತನೆಯದು 2008ರಲ್ಲಿ. ನಮ್ಮಪ್ಪ ಕೂಡ ಇಷ್ಟು ದಿನ ಕಾಯುತ್ತಿರಲಿಲ್ಲ.

ಇನ್ನೊಂದು ವಿಷಯ. ಇಲ್ಲಿನ ಫೇರಿಗಳು ನೇರವಾಗಿ ಸುಳ್ಳು ಹೇಳೋ ಹಾಗಿಲ್ಲ. ಅದಕ್ಕೇ ಮ್ಯಾಬ್ ಮಾತಾಡುವಾಗ ನಿಧಾನಕ್ಕೆ ಓದಿ. ಏನು ಹೇಳಿದಳು ಅನ್ನೋದಕ್ಕಿಂತ ಏನು ಹೇಳದೆ ಬಿಟ್ಟಳು ಅನ್ನೋದರಲ್ಲಿ ಜಾಸ್ತಿ ಇರುತ್ತೆ. ಅವಳ ವಾಕ್ಯಗಳನ್ನು ಇದ್ದ ಹಾಗೇ ಬರೆದಿಟ್ಟುಕೊಳ್ಳಿ. ನನ್ನ ಮಾತಿನಲ್ಲಿ ಬರೆದುಕೊಂಡು ಎರಡು ಸಲ ಮೋಸ ಹೋಗಿದ್ದೇನೆ.

ಪೂರ್ತಿ ಮತ್ತೆ ಓದಲೇಬೇಕು ಅಂದರೆ ಹನ್ನೆರಡು, ಹದಿನಾಲ್ಕು ಸಾಕು. ಹನ್ನೆರಡನೆಯದು ಹ್ಯಾರಿಯ ಬದುಕನ್ನೇ ಬುಡಮೇಲು ಮಾಡುತ್ತೆ. ಅದು ಮುಗಿದ ಕೂಡಲೇ, ಹದಿಮೂರಕ್ಕೆ ಹೋಗೋ ಮೊದಲು, ಸೈಡ್ ಜಾಬ್ಸ್ ಸಂಕಲನದ ಕೊನೆಯ ಕಥೆ ಓದಿ. ಅದನ್ನು ಹೇಳೋದು ಪೊಲೀಸ್ ಗೆಳತಿ ಮರ್ಫಿ. ಹ್ಯಾರಿ ಎದುರಿಗಿಲ್ಲದ ಶಿಕಾಗೊ ಹೇಗಿರುತ್ತೆ ಅಂತ ಅಲ್ಲಿ ಗೊತ್ತಾಗುತ್ತೆ.

ಒಂದು ಹೆಸರು ನೆನಪಾಗದಿದ್ದರೆ ಇಂಟರ್‌ನೆಟ್ಟಿನಲ್ಲಿ ಹುಡುಕಬೇಡಿ. ನಾನು ಒಂದು ಪಾತ್ರದ ಹೆಸರು ಅರ್ಧ ಟೈಪ್ ಮಾಡಿದ್ದೆ ಅಷ್ಟೇ, ಪಕ್ಕದಲ್ಲಿ 'ಸಾವು' ಅಂತ ಅದೇ ತೋರಿಸಿತು. ಆ ರಾತ್ರಿ ಊಟ ಸೇರಲಿಲ್ಲ. ಹಳೇ ಪುಸ್ತಕದ ಇ-ಬುಕ್ಕಿನೊಳಗೆ ಹುಡುಕಿ, ಅಷ್ಟು ಸಾಕು.

ಹದಿನಾರನೆಯದನ್ನು ಒಂದನ್ನೇ ಕೊಳ್ಳಬೇಡಿ. ಅದೂ ಹದಿನೇಳನೆಯದೂ ಮೊದಲು ಒಂದೇ ಪುಸ್ತಕವಾಗಿದ್ದವು. ತೀರಾ ಉದ್ದ ಆಯಿತು ಅಂತ ಎರಡು ಮಾಡಿದರು. ಹದಿನೇಳನೆಯದು 2020ರ ಸೆಪ್ಟೆಂಬರಿನಲ್ಲೇ ಬಂತು. ಹದಿನಾರನ್ನು ಮುಗಿಸಿ 'ಅಯ್ಯೋ, ಇಷ್ಟೇನಾ?' ಅನ್ನಿಸಿದರೆ ಕಾರಣ ಇದೇ. ಹದಿನೇಳನೆಯದು ಬಹುಪಾಲು ಒಂದೇ ಯುದ್ಧ, ಶನಿವಾರ ರಾತ್ರಿ ಹಿಡಿದರೆ ಭಾನುವಾರದ ಅಡುಗೆ ಮನೆಯವರ ಪಾಲಿಗೆ.

ಓದುತ್ತಾ ತೀರಿದ ಬಾಕಿಗೆ ಗೀಟು ಹಾಕ್ತಾ ಹೋಗಿ. ನನ್ನ ನೋಟ್‌ಬುಕ್ಕಿನಲ್ಲಿ ಎಡಗಡೆಯ ಪುಟ ಇನ್ನೂ ತುಂಬಿಯೇ ಇದೆ.